ಸಾರಥಿಯಿಲ್ಲದ ಬಯಲಾಟ

ಹಿರಿಯೂರಿನ ಓದುಗರೊಬ್ಬರು, ಸೇನೆಯಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು, ಹೀಗೆ ಬರೆದಿದ್ದಾರೆ: ‘ಪಿಯುಸಿ ಓದುವ ಮಗನ ಜತೆ ಸ್ಟಾರ್‌ಶಿಪ್ ಟ್ರೂಪರ್ಸ್ ನೋಡಿದೆ. ಬೇರೆ ಗ್ರಹದ ದೈತ್ಯ ಹುಳುಗಳ ಮೇಲೆ ಮನುಷ್ಯರ ಯುದ್ಧ. ಕೊನೆಗೆ ಮಗ ಚಪ್ಪಾಳೆ ತಟ್ಟಿದ, ನನಗೆ ಸಂಕಟವಾಯಿತು. ಅದು ವಿಡಂಬನೆ ಕಣ್ರೀ, ಎಲ್ಲ ಉಲ್ಟಾ ತಗೋಬೇಕು ಅಂತ ಗೆಳೆಯರು ನಕ್ಕರು. ಕಂಡದ್ದನ್ನು ಕಂಡ ಹಾಗೇ ನಂಬಿದ್ದು ನನ್ನ ತಪ್ಪೇ?’

ಮಾನ್ಯರೇ, ಖಂಡಿತ ಅಲ್ಲ. 1997ರಲ್ಲಿ ಚಿತ್ರ ಬಂದಾಗ ಅಮೆರಿಕದ ಕೆಲವು ವಿಮರ್ಶಕರೂ ಇದು ಫ್ಯಾಸಿಸಂನ ಪರವಾಗಿದೆ ಎಂದೇ ಹರಿಹಾಯ್ದಿದ್ದರು. ಚಿತ್ರಕ್ಕೆ ಆಧಾರ ರಾಬರ್ಟ್ ಹೈನ್‌ಲೈನ್ ಅವರ 1959ರ ಕಾದಂಬರಿ. ಸೇವೆ ಸಲ್ಲಿಸಿದವರಿಗಷ್ಟೇ ಮತದಾನದ ಹಕ್ಕು ಎಂಬ ವ್ಯವಸ್ಥೆಯನ್ನು ಅದು ಮೆಚ್ಚಿಯೇ ಬರೆದಿತ್ತು. ನಿರ್ದೇಶಕ ಪಾಲ್ ವರ್ಹೋವನ್ 1938ರಲ್ಲಿ ಹುಟ್ಟಿದವರು, ಜರ್ಮನ್ ಸೇನೆಯ ಹಿಡಿತದಲ್ಲಿದ್ದ ನೆದರ್ಲೆಂಡ್ಸ್‌ನಲ್ಲಿ ಬಾಲ್ಯ ಕಳೆದವರು. ಆ ವ್ಯವಸ್ಥೆಯನ್ನು ಅಣಕಿಸಲೆಂದೇ ಅವರು ಆರಂಭದ ಸೈನಿಕರ ಸಾಲುಗಳನ್ನು 1935ರ ನಾಜಿ ಪ್ರಚಾರ ಚಿತ್ರ ನೆನಪಾಗುವಂತೆ ಚಿತ್ರಿಸಿದರು. ಗುಪ್ತಚರ ಅಧಿಕಾರಿಗೆ ತೊಡಿಸಿದ ಉದ್ದನೆಯ ಕಪ್ಪು ಕೋಟೂ ಆ ಕಾಲದ್ದೇ.

ಆದರೆ ಇದೆಲ್ಲ ಗೊತ್ತಿದ್ದವರಿಗೆ ಮಾತ್ರ ಅರ್ಥವಾಗುವ ವಿಡಂಬನೆಯಾದರೆ ಹದಿನೇಳರ ಹುಡುಗನ ಗತಿ ಏನು? ಅದಕ್ಕೇ ‘ಉಲ್ಟಾ ತಗೋಬೇಕು’ ಎಂಬ ಮಾತು ನನಗೆ ಸಾಲದು.

ನಮ್ಮ ಚಿತ್ರದುರ್ಗ ಸೀಮೆಯ ಬಯಲಾಟ ನೆನಪಿಸಿಕೊಳ್ಳಿ. ರಾಕ್ಷಸ ಪಾತ್ರದ ಪ್ರವೇಶಕ್ಕೆ ಇರುವಷ್ಟು ಅಬ್ಬರ ದೇವರ ಪಾತ್ರಕ್ಕೂ ಇರುವುದಿಲ್ಲ. ಕಿರೀಟ, ಭುಜಕೀರ್ತಿ, ರಂಗವೇ ಅದುರುವ ಕುಣಿತ. ನಾವೂ ಶಿಳ್ಳೆ ಹೊಡೆಯುತ್ತೇವೆ. ಆದರೆ ಪಕ್ಕದಲ್ಲಿ ಸಾರಥಿ ನಿಂತಿರುತ್ತಾನೆ. ತಾವು ಯಾರು, ಎಲ್ಲಿಂದ ಬಂದಿರಿ, ಬಂದ ಕಾರಣವೇನು ಎಂದು ಕೇಳುತ್ತಾನೆ. ‘ಎಲೈ ಸಾರಥಿ’ ಎಂದು ಶುರುಮಾಡಿದ ರಾಕ್ಷಸ ತನ್ನ ಬಾಯಿಂದಲೇ ತನ್ನ ಗುಣ ಬಿಚ್ಚಿಡುತ್ತಾನೆ. ಈ ಸಿನಿಮಾದಲ್ಲಿ ಆ ಸಾರಥಿ ಇಲ್ಲ. ಆ ಲೋಕದ ಸರ್ಕಾರ ತನ್ನನ್ನು ತಾನೇ ಹೊಗಳಿಕೊಳ್ಳುತ್ತಾ ಹೋಗುತ್ತದೆ, ತಡೆದು ಕೇಳುವವರಿಲ್ಲ. ಕೇಳುವ ಕೆಲಸ ನೋಡುವವರ ಮೇಲೆ ಬೀಳುತ್ತದೆ.

ಕೇಳಲು ಬೇಕಾದದ್ದೆಲ್ಲ ಮಾತ್ರ ತೆರೆಯ ಮೇಲೇ ಇದೆ. ನಾಯಕ ಸೇನೆಗೆ ಹೆಸರು ಬರೆಸುವ ದೃಶ್ಯವನ್ನೇ ನೋಡಿ. ಮೇಜಿನ ಹಿಂದೆ ಕುಳಿತ ಹಳೆಯ ಸೈನಿಕ ಕೈಕುಲುಕುತ್ತಾನೆ. ಅದು ಲೋಹದ ಕೈ. ನಾನಿವತ್ತು ಏನಾಗಿದ್ದೇನೋ ಅದು ಕಾಲ್ದಳದಿಂದಲೇ ಎಂದು ಹೆಮ್ಮೆಯಿಂದ ಹೇಳಿ ಹಿಂದೆ ಸರಿಯುತ್ತಾನೆ. ಅವನಿಗೆ ಎರಡೂ ಕಾಲಿಲ್ಲ. ಹೊಸ ಹುಡುಗರ ಕಣ್ಣು ಒಂದು ಗಳಿಗೆ ಅಲ್ಲಿ ನಿಲ್ಲುತ್ತದೆ, ಕಥೆ ಮುಂದೆ ಓಡುತ್ತದೆ. ಇನ್ನೊಂದೆಡೆ ಶಾಲೆಯ ಮಕ್ಕಳು ಬೀದಿಯಲ್ಲಿ ಜಿರಲೆ ತುಳಿದು ಸಾಯಿಸುತ್ತಿದ್ದರೆ ಪಕ್ಕದಲ್ಲಿ ನಿಂತ ಹೆಂಗಸು ಕೇಕೆ ಹಾಕಿ ನಗುತ್ತಾಳೆ. ಇವನ್ನು ತಿರುವುಮುರುವು ಮಾಡಬೇಕಿಲ್ಲ, ಇರುವಂತೆ ನೋಡಿದರೆ ಸಾಕು.

ಕೊನೆಯಲ್ಲಿ ಆ ಗುಪ್ತಚರ ಅಧಿಕಾರಿ ಸೆರೆಸಿಕ್ಕ ಹುಳುವಿನ ಮೈಮೇಲೆ ಕೈಯಿಟ್ಟು ‘ಇದಕ್ಕೆ ಭಯವಾಗಿದೆ’ ಎಂದಾಗ ಇಡೀ ಸೇನೆ ಕುಣಿಯುತ್ತದೆ. ದಾವಣಗೆರೆಯಲ್ಲಿ ಓದುತ್ತಿದ್ದಾಗ ಗೆಳೆಯನ ರೂಮಿನಲ್ಲಿ ಈ ಚಿತ್ರ ನೋಡಿದ್ದೆ. ನಾನೂ ಅಲ್ಲೇ ಚಪ್ಪಾಳೆ ತಟ್ಟಿದವನು. ಇನ್ನೊಂದು ಜೀವದ ಭಯಕ್ಕೆ ನಾನೇಕೆ ಕುಣಿದೆ ಎಂದು ಹೊಳೆಯಲು ವರ್ಷಗಳೇ ಬೇಕಾದವು. ಮಗನನ್ನು ಬೈಯಬೇಡಿ.

ಮತ್ತೊಮ್ಮೆ ಅವನ ಜತೆ ಕುಳಿತು, ಆ ಹಳೆಯ ಸೈನಿಕನ ಮೇಜಿನ ಹತ್ತಿರ ಚಿತ್ರ ನಿಲ್ಲಿಸಿ. ಕೈಕಾಲು ಕಳೆದುಕೊಂಡು ಮನೆಗೆ ಮರಳಿದ ಜೊತೆಗಾರರನ್ನು ನೀವು ಹತ್ತಿರದಿಂದ ಕಂಡಿರಬಹುದು. ಅವರ ಬಗ್ಗೆ ಹೇಳಿ. ಅವನು ಏನೆಂದ ಎಂದು ನಮಗೂ ಬರೆಯಿರಿ.

- ಸಂಪಾದಕ