ಓದುಗರ ಪ್ರಶ್ನೆ: ಸಿಎಸ್‌ಐ ಕ್ರೈಸ್ತರು ಕ್ಯಾಥೊಲಿಕ್ ಇಗರ್ಜಿಯಲ್ಲಿ ಪ್ರಸಾದ ಸ್ವೀಕರಿಸುವುದಿಲ್ಲವೇಕೆ?

ಪ್ರಶ್ನೆ: ಮಂಗಳೂರಿನಲ್ಲಿ ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆಂದು ಇಗರ್ಜಿಗೆ ಹೋಗಿದ್ದೆವು. ಪೂಜೆಯ ಕೊನೆಯ ಭಾಗದಲ್ಲಿ ಜನರು ಸಾಲಾಗಿ ಹೋಗಿ ಪ್ರಸಾದ ಸ್ವೀಕರಿಸಿದರು. ನಮ್ಮ ಜೊತೆಗಿದ್ದ ಸಿಎಸ್‌ಐ ಸಭೆಯ ಗೆಳತಿ ಮಾತ್ರ ಕುಳಿತಲ್ಲಿಂದ ಏಳಲಿಲ್ಲ. ತಾನೂ ಕ್ರೈಸ್ತಳೇ, ಆದರೆ ಇಲ್ಲಿ ತೆಗೆದುಕೊಳ್ಳುವಂತಿಲ್ಲ ಎಂದಳು. ಅವಳ ಚರ್ಚಿನಲ್ಲಿ ಮೂರ್ತಿಗಳೂ ಇಲ್ಲವಂತೆ. ಇದು ಜಾತಿಯ ಹಾಗೆ ಹುಟ್ಟಿನಿಂದ ಬಂದ ಭೇದವೇ ಅಥವಾ ನಂಬಿಕೆಯ ಭೇದವೇ?
— ಓದುಗರು, ಶಿವಮೊಗ್ಗ

ಉತ್ತರ: ಇದು ನಂಬಿಕೆಯ ಭೇದ. ನಿಮ್ಮ ಗೆಳತಿಯ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಪ್ರೊಟೆಸ್ಟಂಟ್, ಅಂದರೆ ಹದಿನಾರನೆಯ ಶತಮಾನದ ಸುಧಾರಣೆಯಲ್ಲಿ ರೋಮಿನಿಂದ ಬೇರೆಯಾದ ಪರಂಪರೆಯ ಸಭೆ. ಆದರೆ ಎಲ್ಲಿ ಭೇದವಿಲ್ಲ ಎಂಬುದನ್ನು ಮೊದಲು ತಿಳಿದರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ. ಯೇಸು ಕ್ರಿಸ್ತನು ದೇವರೂ ಹೌದು, ಮನುಷ್ಯನೂ ಹೌದು, ಶಿಲುಬೆಯ ಮೇಲೆ ಸತ್ತು ಮೂರನೆಯ ದಿನ ಎದ್ದನು ಎಂಬುದನ್ನು ಇಬ್ಬರೂ ಒಪ್ಪುತ್ತಾರೆ; 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪರ ಮಹಾಸಭೆ ರೂಪಿಸಿ 381ರಲ್ಲಿ ವಿಸ್ತರಿಸಲ್ಪಟ್ಟ ವಿಶ್ವಾಸಪ್ರಮಾಣವನ್ನು ಇಬ್ಬರೂ ಆರಾಧನೆಯಲ್ಲಿ ಹೇಳುತ್ತಾರೆ. ನಿಮ್ಮ ಗೆಳತಿ ನಾಳೆ ಕ್ಯಾಥೊಲಿಕ್ ಧರ್ಮಸಭೆಯನ್ನು ಸೇರಲು ಬಯಸಿದರೆ ಅವರಿಗೆ ಮತ್ತೊಮ್ಮೆ ದೀಕ್ಷಾಸ್ನಾನ ಕೊಡುವುದಿಲ್ಲ. ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ನೀರಿನಿಂದ ಅವರು ಪಡೆದಿರುವ ಸ್ನಾನವನ್ನೇ ಕ್ಯಾಥೊಲಿಕರು ಮಾನ್ಯ ಮಾಡುತ್ತಾರೆ. ಹಾಗಾಗಿ ಇಬ್ಬರ ನಡುವಿನ ಪ್ರಶ್ನೆ ಕ್ರಿಸ್ತನು ಯಾರು ಎಂಬುದಲ್ಲ. ಅವನ ಬಲಿದಾನದ ಫಲ ಇಂದು ಬದುಕಿರುವ ಮನುಷ್ಯನಿಗೆ ಯಾವ ದಾರಿಯಿಂದ, ಯಾರ ಕೈಯಿಂದ ತಲುಪುತ್ತದೆ ಎಂಬುದೇ ಪ್ರಶ್ನೆ. ನೀವು ಕಂಡ ಪ್ರಸಂಗವೂ ಮೂರ್ತಿಗಳ ವಿಷಯವೂ ಇದರಿಂದಲೇ ಹುಟ್ಟಿದವು ಎಂದು ನಾನು ತಿಳಿದಿದ್ದೇನೆ.

ಬಲಿಪೂಜೆಯಲ್ಲಿ ಯಾಜಕರು ಕ್ರಿಸ್ತನು ತನ್ನ ಕಡೆಯ ಭೋಜನದಲ್ಲಿ ನುಡಿದ ಮಾತುಗಳನ್ನು ಉಚ್ಚರಿಸಿದಾಗ ರೊಟ್ಟಿ ಮತ್ತು ದ್ರಾಕ್ಷಾರಸ ನಿಜವಾಗಿಯೂ ಕ್ರಿಸ್ತನ ಶರೀರ ಮತ್ತು ರಕ್ತವಾಗುತ್ತವೆ, ಕಣ್ಣಿಗೆ ಕಾಣುವ ರೂಪ, ನಾಲಗೆಗೆ ತಿಳಿಯುವ ರುಚಿ ಮಾತ್ರ ಮೊದಲಿನಂತೆಯೇ ಉಳಿಯುತ್ತವೆ ಎಂಬುದು ಕ್ಯಾಥೊಲಿಕರ ನಂಬಿಕೆ. ಟ್ರೆಂಟ್ ಮಹಾಸಭೆ 1551ರಲ್ಲಿ ಇದನ್ನು ಸ್ಪಷ್ಟ ಮಾತುಗಳಲ್ಲಿ ಘೋಷಿಸಿತು. ಪೂಜೆ ಇಲ್ಲದ ವೇಳೆಯಲ್ಲಿ ಯಾವುದೇ ಇಗರ್ಜಿಯ ಒಳಗೆ ಹೋಗಿ ನೋಡಿ: ಉಳಿದ ಪರಮಪ್ರಸಾದವನ್ನು ಬೀಗ ಹಾಕಿದ ಒಂದು ಸಣ್ಣ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ, ಪಕ್ಕದಲ್ಲಿ ದೀಪ ಉರಿಯುತ್ತಿರುತ್ತದೆ, ಒಳಗೆ ಬಂದವರು ಮಂಡಿಯೂರಿ ನಮಿಸಿ ಬಳಿಕ ಬೆಂಚಿನಲ್ಲಿ ಕುಳಿತುಕೊಳ್ಳುತ್ತಾರೆ. ಅಲ್ಲಿ ಕ್ರಿಸ್ತನೇ ಇದ್ದಾನೆಂಬ ಭಾವದಿಂದ ಅವರು ಹಾಗೆ ನಡೆದುಕೊಳ್ಳುತ್ತಾರೆ. ಪ್ರಸಾದ ಸ್ವೀಕರಿಸುವಾಗ ಹೇಳುವ ‘ಆಮೆನ್’ ಈ ನಂಬಿಕೆಗೆ ಹಾಕುವ ಒಪ್ಪಿಗೆಯೂ ಹೌದು, ಬಿಷಪರೊಂದಿಗೆ ಮತ್ತು ಪೋಪರೊಂದಿಗೆ ಒಂದಾಗಿರುವ ಧರ್ಮಸಭೆಗೆ ತಾನು ಸೇರಿದವನೆಂಬ ಸಾಕ್ಷಿಯೂ ಹೌದು. ಆದ್ದರಿಂದ ಮರಣಾಪಾಯದಂತಹ ಅಪರೂಪದ ಸಂದರ್ಭಗಳನ್ನು ಬಿಟ್ಟರೆ ಪ್ರೊಟೆಸ್ಟಂಟರಿಗೆ ಅದನ್ನು ಕೊಡುವುದಿಲ್ಲ. ನಿಮ್ಮ ಗೆಳತಿ ಸುಮ್ಮನೆ ಕುಳಿತದ್ದರಲ್ಲಿ ಅವಮಾನವಿರಲಿಲ್ಲ. ಆ ಮನೆಯ ನಿಯಮಕ್ಕೆ ಅವರು ಗೌರವ ತೋರಿದರು.

1517ರಲ್ಲಿ ಜರ್ಮನಿಯಲ್ಲಿ ಮಾರ್ಟಿನ್ ಲೂಥರ್ ಆರಂಭಿಸಿದ ಸುಧಾರಣೆಯು ಯಾಜಕರ ಮಧ್ಯಸ್ಥಿಕೆಯನ್ನೇ ಪ್ರಶ್ನಿಸಿತು. ಮನುಷ್ಯನು ದೇವರ ಮುಂದೆ ನೀತಿವಂತನೆನಿಸುವುದು ನಂಬಿಕೆಯ ಮೂಲಕವೇ, ಆ ನಂಬಿಕೆ ಹುಟ್ಟುವುದು ದೇವರ ವಾಕ್ಯದಿಂದ ಎಂದು ಅವರು ಬೋಧಿಸಿದರು. ಕ್ಯಾಥೊಲಿಕರ ಏಳು ಸಂಸ್ಕಾರಗಳಲ್ಲಿ ಪ್ರೊಟೆಸ್ಟಂಟರು ಸಂಸ್ಕಾರವೆಂದು ಉಳಿಸಿಕೊಂಡದ್ದು ದೀಕ್ಷಾಸ್ನಾನ ಮತ್ತು ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸಗಳ ಪ್ರಸಾದ) ಎರಡನ್ನೇ. ಆದರೆ ಈ ಭೋಜನದ ಅರ್ಥವೇನೆಂಬುದರಲ್ಲಿ ಸುಧಾರಕರಲ್ಲಿಯೇ ಒಮ್ಮತವಿರಲಿಲ್ಲ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ರೊಟ್ಟಿಯೊಂದಿಗೆ ಕ್ರಿಸ್ತನ ಶರೀರವೂ ನಿಜವಾಗಿ ಇರುತ್ತದೆ ಎಂದು ಲೂಥರ್ ಹಟ ಹಿಡಿದರು. ಇದು ಸ್ಮರಣೆಯ ಭೋಜನ ಎಂದು ಜ್ಯೂರಿಕ್‌ನ ಜ್ವಿಂಗ್ಲಿ ವಾದಿಸಿದರು. 1529ರಲ್ಲಿ ಮಾರ್ಬುರ್ಗ್‌ನಲ್ಲಿ ಇಬ್ಬರೂ ಎದುರುಬದುರು ಕುಳಿತು ಚರ್ಚಿಸಿದಾಗ ಹದಿನೈದು ಅಂಶಗಳಲ್ಲಿ ಹದಿನಾಲ್ಕಕ್ಕೆ ಒಪ್ಪಿಗೆಯಾಯಿತು, ಕೊನೆಯದಾದ ಇದೊಂದರಲ್ಲಿ ಮಾತು ಮುರಿಯಿತು. ಒಂದು ತುತ್ತು ರೊಟ್ಟಿಯ ವಿಷಯದಲ್ಲಿ ಇಷ್ಟು ಕಠಿಣವಾದರೇ ಎಂದು ಹೊರಗಿನವರಿಗೆ ಅನ್ನಿಸಬಹುದು. ಆದರೆ ದೇವರು ಇಲ್ಲಿ ಹೇಗೆ ಇದ್ದಾನೆ ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಭಕ್ತನಿಗೆ ಬೇರೊಂದಿಲ್ಲ.

ಸಿಎಸ್‌ಐ ಅಂದರೆ ದಕ್ಷಿಣ ಭಾರತ ಸಭೆ ಈ ಒಡಕುಗಳನ್ನು ದಾಟುವ ಪ್ರಯತ್ನವಾಗಿ ಹುಟ್ಟಿತು. 1947ರ ಸೆಪ್ಟೆಂಬರ್ 27ರಂದು ಚೆನ್ನೈಯ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ಆಂಗ್ಲಿಕನ್ ಮತ್ತು ಮೆಥಡಿಸ್ಟ್ ಸಭೆಗಳೂ, ಅದಾಗಲೇ ಒಂದಾಗಿದ್ದ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳೂ ಕೂಡಿಕೊಂಡವು. ಬಿಷಪರಿರುವ ಆಂಗ್ಲಿಕನ್ ಸಭೆ ಮತ್ತು ಬಿಷಪರಿಲ್ಲದ ಉಳಿದ ಸಭೆಗಳು ಒಂದೇ ಸಭೆಯಾದದ್ದು ಜಗತ್ತಿನ ಕ್ರೈಸ್ತರೆಲ್ಲ ತಿರುಗಿ ನೋಡಿದ ಘಟನೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಸಭೆಗಳೂ ಕಾಲಕ್ರಮದಲ್ಲಿ ಇದರೊಳಗೆ ಬಂದವು. ಸಿಎಸ್‌ಐ 1950ರಲ್ಲಿ ರೂಪಿಸಿದ ಭೋಜನದ ಆರಾಧನಾಕ್ರಮದಲ್ಲಿ ಸಭಾಪಾಲಕರು ಮೇಜಿನ ಹಿಂದೆ ಜನರಿಗೆ ಮುಖಮಾಡಿ ನಿಲ್ಲುತ್ತಾರೆ. ಸಮಾಧಾನದ ವಂದನೆಯನ್ನು ಜೋಡಿಸಿದ ಕೈಗಳಿಂದ ಒಬ್ಬರು ಇನ್ನೊಬ್ಬರ ಕೈಗೆ ದಾಟಿಸುತ್ತಾ ಹೋಗುತ್ತಾರೆ. ಕೇರಳದ ಸುರಿಯಾನಿ ಕ್ರೈಸ್ತರಿಂದ ಬಂದ ಈ ಪದ್ಧತಿಯನ್ನು ಹತ್ತಿರದಿಂದ ಕಂಡವರು ಮರೆಯಲಾರರು. ಇತರ ಸಭೆಗಳಲ್ಲಿ ಭೋಜನಕ್ಕೆ ಹಕ್ಕುಳ್ಳ ಕ್ರೈಸ್ತರನ್ನು ಸಿಎಸ್‌ಐ ತನ್ನ ಮೇಜಿಗೆ ಬರಮಾಡಿಕೊಳ್ಳುತ್ತದೆ.

ಇನ್ನು ಮೂರ್ತಿಗಳು. ಹತ್ತು ಆಜ್ಞೆಗಳನ್ನು ಬಾಯಿಪಾಠ ಒಪ್ಪಿಸುವಂತೆ ಒಬ್ಬ ಕ್ಯಾಥೊಲಿಕ್ ಹುಡುಗನಿಗೂ ಒಬ್ಬ ಸಿಎಸ್‌ಐ ಹುಡುಗನಿಗೂ ಹೇಳಿ ನೋಡಿ. ಎರಡನೆಯ ಆಜ್ಞೆ ಯಾವುದೆಂದರೆ, ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದು ಎಂದು ಮೊದಲನೆಯವನು ಹೇಳುತ್ತಾನೆ. ವಿಗ್ರಹ ಮಾಡಿಕೊಳ್ಳಬಾರದು ಎಂದು ಎರಡನೆಯವನು ಹೇಳುತ್ತಾನೆ. ಬೈಬಲಿನಲ್ಲಿ ಪಾಠ ಒಂದೇ, ಎಣಿಸುವ ಕ್ರಮ ಬೇರೆ. ವಿಗ್ರಹದ ಮಾತನ್ನು ಕ್ಯಾಥೊಲಿಕರು ಅನ್ಯದೇವರುಗಳನ್ನು ಪೂಜಿಸಬಾರದೆಂಬ ಮೊದಲನೆಯ ಆಜ್ಞೆಯ ಭಾಗವೆಂದು ಓದುತ್ತಾರೆ, ದುರಾಶೆಯ ಆಜ್ಞೆಯನ್ನು ಎರಡಾಗಿ ಮಾಡಿ ಹತ್ತನ್ನು ತುಂಬಿಸುತ್ತಾರೆ. ಲೂಥರನ್ ಸಭೆಯವರದ್ದೂ ಇದೇ ಎಣಿಕೆ. ಸಂತರ ಅಥವಾ ಮರಿಯಮ್ಮನವರ ಪ್ರತಿಮೆಗೆ ತೋರುವ ಗೌರವ ಆ ವ್ಯಕ್ತಿಗೆ ಸಲ್ಲುತ್ತದೆ, ಆರಾಧನೆ ದೇವರೊಬ್ಬನಿಗೇ ಎಂಬ ವಿಂಗಡಣೆಯನ್ನು 787ರ ಎರಡನೆಯ ನೈಸಿಯಾ ಮಹಾಸಭೆ ಮಾಡಿತ್ತು. ಪ್ರೊಟೆಸ್ಟಂಟರು, ಮುಖ್ಯವಾಗಿ ಜಿನೀವಾದ ಸುಧಾರಕ ಕಾಲ್ವಿನ್‌ನ ಪರಂಪರೆಯವರು, ಈ ವಿಂಗಡಣೆ ಸಾಮಾನ್ಯ ಭಕ್ತನ ಮನಸ್ಸಿನಲ್ಲಿ ಉಳಿಯುವುದಿಲ್ಲವೆಂದು ಭಾವಿಸಿ ಪ್ರತಿಮೆಗಳನ್ನು ತೆಗೆದರು. ಸತ್ತ ಸಂತರನ್ನು ‘ನಮಗಾಗಿ ಪ್ರಾರ್ಥಿಸಿ’ ಎಂದು ಬೇಡುವುದನ್ನೂ ಬಿಟ್ಟರು. ಅವರ ಚರ್ಚಿನಲ್ಲಿ ಕಣ್ಣಿಗೆ ಬೀಳುವುದು ಕ್ರಿಸ್ತನ ದೇಹವಿಲ್ಲದ ಬರಿಯ ಶಿಲುಬೆ ಮತ್ತು ತೆರೆದಿಟ್ಟ ಬೈಬಲು.

ಯಾಜಕರ ಬದುಕಿನ ವ್ಯತ್ಯಾಸ ನಿಮಗೆ ತಿಳಿದೇ ಇರುತ್ತದೆ. ಕ್ಯಾಥೊಲಿಕ್ ಗುರುಗಳು ಮದುವೆಯಾಗುವುದಿಲ್ಲ, ಸಿಎಸ್‌ಐ ಸಭಾಪಾಲಕರು ಸಂಸಾರಸ್ಥರಾಗಿರಬಹುದು. ಸಿಎಸ್‌ಐ ಸ್ತ್ರೀಯರಿಗೂ ಸಭಾಪಾಲಕರ ದೀಕ್ಷೆ ಕೊಡುತ್ತದೆ. 2013ರಲ್ಲಿ ಆಂಧ್ರಪ್ರದೇಶದ ನಂದ್ಯಾಲದಲ್ಲಿ ಇ. ಪುಷ್ಪಲಲಿತಾ ಅವರು ಅದರ ಮೊದಲ ಮಹಿಳಾ ಬಿಷಪರಾದರು.

ಹುಟ್ಟಿನ ಮಾತಿಗೆ ಬಂದರೆ, ನಿಮ್ಮ ಸಂಶಯಕ್ಕೆ ಕಾರಣವಿಲ್ಲದಿಲ್ಲ. ಕರಾವಳಿಯ ಕ್ಯಾಥೊಲಿಕರಲ್ಲಿ ಬಹುಪಾಲು ಗೋವೆಯಿಂದ ಬಂದು ನೆಲೆಸಿದ ಕೊಂಕಣಿ ಮನೆತನಗಳವರು. ಬಾಸೆಲ್ ಮಿಷನ್ ಸಭೆಗಳಿಗೆ ಬಂದವರು ಹೆಚ್ಚಾಗಿ ತುಳು, ಕನ್ನಡ ಮಾತನಾಡುವವರು, ಅವರಲ್ಲಿ ಬಿಲ್ಲವ ಮೂಲದವರು ಬಹಳ. ಮನೆಮಾತು, ಮನೆತನ, ಸಂಬಂಧಗಳು ಬೇರೆಯಾದ್ದರಿಂದ ಹೊರಗಿನಿಂದ ನೋಡಿದವರಿಗೆ ಇದು ಜಾತಿಯ ಗೆರೆಯಂತೆ ಕಾಣುತ್ತದೆ. ಆದರೆ ಆ ದಿನ ನಿಮ್ಮ ಗೆಳತಿಯನ್ನು ತಡೆದದ್ದು ಅವರ ಕುಲವಲ್ಲ. ಅದೇ ಸಾಲಿನಲ್ಲಿ ನಿಂತ ಯಾವ ಕುಲದ ಕ್ಯಾಥೊಲಿಕನಿಗೂ ಆ ಪ್ರಸಾದ ಸಿಗುತ್ತಿತ್ತು.

ಪ್ರಶ್ನೆ: ನಮ್ಮ ನೆರೆಮನೆಯವರು ಹುಟ್ಟಿನಿಂದ ಕ್ರೈಸ್ತರು. ಪೆಂಟೆಕೋಸ್ಟ್ ಸಭೆಗೆ ಸೇರಿದ ಮೇಲೆ ಕೆರೆಯಲ್ಲಿ ಮುಳುಗಿ ಮತ್ತೆ ದೀಕ್ಷಾಸ್ನಾನ ತೆಗೆದುಕೊಂಡರು. ಒಮ್ಮೆ ಆದದ್ದು ಸಾಲದೇ?
— ಓದುಗರು, ಹಾಸನ

ಉತ್ತರ: ಅವರ ದೃಷ್ಟಿಯಲ್ಲಿ ಇದು ಎರಡನೆಯದಲ್ಲ, ಮೊದಲನೆಯದು. ಕ್ಯಾಥೊಲಿಕ್, ಆರ್ಥಡಾಕ್ಸ್, ಸಿಎಸ್‌ಐ ಸಭೆಗಳು ಹಸುಗೂಸಿಗೂ ಸ್ನಾನ ಕೊಡುತ್ತವೆ. ದೇವರ ಕೃಪೆ ಮನುಷ್ಯನ ತಿಳಿವಳಿಕೆಗಾಗಿ ಕಾಯುವುದಿಲ್ಲ ಎಂಬುದು ಅವರ ವಾದ. ಪಾಪದ ಅರಿವು, ಪಶ್ಚಾತ್ತಾಪ, ಸ್ವಂತ ಬಾಯಿಂದ ಮಾಡಿದ ಅರಿಕೆ ಮೂರೂ ಮೊದಲಾಗಬೇಕು, ಬಳಿಕ ಪೂರ್ತಿ ಮುಳುಗಿಸಿ ಸ್ನಾನ ಕೊಡಬೇಕು ಎಂದು ಬ್ಯಾಪ್ಟಿಸ್ಟರೂ ಪೆಂಟೆಕೋಸ್ಟರೂ ನಂಬುತ್ತಾರೆ. 1906ರಲ್ಲಿ ಲಾಸ್ ಏಂಜಲೀಸ್‌ನ ಅಜುಸಾ ಬೀದಿಯಲ್ಲಿ ವಿಲಿಯಂ ಸೀಮೋರ್ ಅವರ ಮುಂದಾಳತನದಲ್ಲಿ ನಡೆದ ಪ್ರಾರ್ಥನಾಕೂಟಗಳಿಂದ ಜಗತ್ತಿನಾದ್ಯಂತ ಹರಡಿದ ಪೆಂಟೆಕೋಸ್ಟ್ ಚಳವಳಿಯು ಇದಕ್ಕೆ ಪವಿತ್ರಾತ್ಮನ ಅಭಿಷೇಕವನ್ನೂ, ಅನ್ಯಭಾಷೆಗಳಲ್ಲಿ ನುಡಿಯುವುದನ್ನೂ, ರೋಗಶಾಂತಿಯ ಪ್ರಾರ್ಥನೆಯನ್ನೂ ಸೇರಿಸಿತು. ಮಗುವಾಗಿದ್ದಾಗ ತಂದೆತಾಯಿ ಮಾಡಿಸಿದ ಸ್ನಾನವನ್ನು ಹಳೆಯ ಸಭೆಗಳು ಅಳಿಸಲಾಗದ ಮುದ್ರೆ ಎನ್ನುವುದರಿಂದ, ಮರುಸ್ನಾನದ ಸುದ್ದಿ ಮನೆಯ ಹಿರಿಯರಿಗೆ ನೋವು ತರುತ್ತದೆ. ಆ ನೋವನ್ನು ಹಗುರವಾಗಿ ಕಾಣಬಾರದು.

ಪ್ರಶ್ನೆ: ಬ್ರಹ್ಮಾವರದಲ್ಲಿ ಕೊಂಕಣಿ ಮಾತನಾಡುವ ಆರ್ಥಡಾಕ್ಸ್ ಕ್ರೈಸ್ತರಿದ್ದಾರೆ. ಅವರೂ ಕ್ಯಾಥೊಲಿಕರೇ?
— ಓದುಗರು, ಕುಂದಾಪುರ

ಉತ್ತರ: ಒಂದು ಕಾಲಕ್ಕೆ ಆಗಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಗರ್ಜಿಗಳ ಮೇಲಿನ ಅಧಿಕಾರ ಪೋರ್ಚುಗಲ್ ಅರಸರ ಆಶ್ರಯದ ಗೋವೆಯದ್ದೋ ರೋಮಿನಿಂದ ನೇರವಾಗಿ ನೇಮಕವಾದವರದ್ದೋ ಎಂಬ ವಿವಾದ ಎದ್ದಿತು. ಅದರಿಂದ ಬೇಸತ್ತ ಗೋವೆಯ ಗುರು ಆಲ್ವಾರಿಸರು 1889ರಲ್ಲಿ ಕೇರಳದ ಮಲಂಕರ ಸುರಿಯಾನಿ ಸಭೆಯಲ್ಲಿ ಬಿಷಪ್ ದೀಕ್ಷೆ ಪಡೆದರು. ಬ್ರಹ್ಮಾವರದಲ್ಲಿ ಫಾದರ್ ನೊರೊನ್ಹಾ ಅವರ ಹಿಂದೆ ಅನೇಕ ಕುಟುಂಬಗಳು ಆ ಸಭೆಗೆ ಬಂದವು. ಇವರು ಪೋಪರ ಅಧಿಕಾರವನ್ನು ಒಪ್ಪುವುದಿಲ್ಲ. ಕ್ರಿಸ್ತನ ದೈವ ಮತ್ತು ಮಾನವ ಸ್ವಭಾವಗಳ ಕುರಿತ 451ರ ಕಾಲ್ಸಿಡನ್ ಮಹಾಸಭೆಯ ನಿರ್ಣಯವನ್ನು ಸ್ವೀಕರಿಸದ ಪೌರಸ್ತ್ಯ ಆರ್ಥಡಾಕ್ಸ್ ಸಭೆಗಳ ಸಾಲಿಗೆ ಇವರು ಸೇರುತ್ತಾರೆ. ಆದರೆ ಏಳು ಸಂಸ್ಕಾರಗಳು, ಪ್ರಸಾದದಲ್ಲಿ ಕ್ರಿಸ್ತನ ನಿಜವಾದ ಇರವು, ಮರಿಯಮ್ಮನವರ ಭಕ್ತಿ ಇವುಗಳಲ್ಲಿ ಕ್ಯಾಥೊಲಿಕರಿಗೆ ಬಹಳ ಹತ್ತಿರ. ಆರ್ಥಡಾಕ್ಸ್ ಯಾಜಕರ ದೀಕ್ಷೆಯನ್ನು ರೋಮ್ ಮಾನ್ಯ ಮಾಡುವುದರಿಂದ, ಆ ಸಭೆಯ ಭಕ್ತರು ತಾವಾಗಿ ಕೇಳಿದರೆ ಪರಮಪ್ರಸಾದ ಕೊಡಲು ಕ್ಯಾಥೊಲಿಕ್ ಧರ್ಮಶಾಸನ ಅವಕಾಶ ನೀಡುತ್ತದೆ; ಆದರೆ ಹಾಗೆ ಸ್ವೀಕರಿಸಲು ಅವರ ಸ್ವಂತ ಸಭೆ ಸಾಮಾನ್ಯವಾಗಿ ಒಪ್ಪುವುದಿಲ್ಲ.