ಒಂದೇ ತಳಿಯೋ, ಬೆರಕೆಯೋ? ಮೊದಲು ಹುಂಜ ಯಾವುದು ಹೇಳಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಹೋದ ಸಲವೂ ಅದೇ. ಮಳವಳ್ಳಿಯಿಂದ, ಹುಣಸೂರಿನಿಂದ, ಮೈಸೂರಿನ ಹೊಸ ಬಡಾವಣೆಗಳಿಂದ ಎಲ್ಲರದ್ದೂ ಒಂದೇ ರಾಗ: ಹಿತ್ತಲಲ್ಲಿ ಒಂದೇ ತಳಿಯ ಕೋಳಿ ಇಡಬೇಕೋ, ಬೆರಕೆ ಇಡಬಹುದೋ? ಹಾಗಾಗಿ ಜಾಗವನ್ನೆಲ್ಲ ಅದಕ್ಕೇ ಕೊಟ್ಟುಬಿಡುತ್ತೇನೆ. ಗೂಡು ಎಷ್ಟು ಅಗಲ ಇರಬೇಕು, ನೀರು ಯಾವಾಗ ಬದಲಿಸಬೇಕು ಅಂತೆಲ್ಲ ಬರೆಯುವುದಿಲ್ಲ. ಕೋಳಿ ಸಾಕಲು ಹೊರಟವರಿಗೆ ಅಷ್ಟು ಗೊತ್ತಿರಬೇಕು.

ಪ್ರಶ್ನೆ: ಪಾಂಡವಪುರದ ಹತ್ತಿರ ತೋಟದ ಮನೆ ನಮ್ಮದು. ಎಂಟು ನಾಟಿ ಹ್ಯಾಟೆ, ಒಂದು ನಾಟಿ ಹುಂಜ ಇವೆ. ಮನೆಗೆ ಮೊಟ್ಟೆ ಸಾಲುತ್ತಿಲ್ಲ. ಆರು ಸ್ವರ್ಣಧಾರ, ಎರಡು ಕಡಕ್‌ನಾಥ್ (ಕರಿ ಕೋಳಿ), ಚೆಂದಕ್ಕೆ ಒಂದು ಅಸೀಲ್ ಹುಂಜ ತರೋಣ ಅಂತಿದ್ದೇವೆ. ತಳಿ ಬೆರೆಸಿದರೆ ರೋಗ ಬರುತ್ತದೆ, ಒಂದೇ ತಳಿ ಇಡಿ ಎಂದು ಪಕ್ಕದ ತೋಟದವರು ಹೇಳುತ್ತಾರೆ. ಏನು ಮಾಡೋಣ?

ಉತ್ತರ: ಪಕ್ಕದ ತೋಟದವರ ಮಾತು ಬಿಡಿ. ಕೊಕ್ಕರೆ ರೋಗ (ರಾಣಿಖೇತ್) ಬಂದಾಗ ಅದು ನಾಟಿಯಾ ಸ್ವರ್ಣಧಾರವಾ ಅಂತ ಕೇಳಿಕೊಂಡು ಬರುವುದಿಲ್ಲ. ಲಸಿಕೆ ಹಾಕಿಸದ ಗೂಡಿಗೆ ನುಗ್ಗಿತೆಂದರೆ ವಾರದಲ್ಲಿ ಗೂಡು ಖಾಲಿ. ‘ನಾಟಿಗೆ ರೋಗ ಬರಲ್ಲ ಸಾರ್’ ಎಂದು ನನ್ನೆದುರೇ ಎದೆ ತಟ್ಟಿಕೊಂಡವರು, ಆಮೇಲೆ ಸತ್ತ ಕೋಳಿಗಳನ್ನು ಗೊಬ್ಬರದ ಚೀಲದಲ್ಲಿ ತುಂಬಿಕೊಂಡು ಬಂದಿದ್ದಾರೆ.

ನಾನು ಕೇಳುವುದು ಬೇರೆ. ನೀವು ಮರಿ ಮಾಡಿಸುತ್ತೀರಾ, ಬರೀ ಮೊಟ್ಟೆ ತಿನ್ನುತ್ತೀರಾ? ಇದನ್ನು ತೀರ್ಮಾನ ಮಾಡದೆ ತಳಿಯ ಮಾತೆತ್ತಿದರೆ ನನಗೆ ತಲೆ ಕೆಡುತ್ತದೆ.

ಬರೀ ಮೊಟ್ಟೆಗಾದರೆ ಬೆರಕೆ ಇರಲಿ, ಏನೂ ತೊಂದರೆಯಿಲ್ಲ. ನಾಟಿ ಹ್ಯಾಟೆ ಹತ್ತು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. ವರ್ಷಕ್ಕೆ 50–60 ಸಿಕ್ಕಿದರೆ ದೊಡ್ಡದು. ಎಂಟು ಹ್ಯಾಟೆ ಇದ್ದರೂ ದಿನಕ್ಕೆ ಒಂದು ಚಿಲ್ಲರೆ ಮೊಟ್ಟೆ, ಅಷ್ಟೇ. ಸಾಲುವುದು ಹೇಗೆ? ಸ್ವರ್ಣಧಾರ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ತಳಿ, 2005ರಲ್ಲಿ ಹೊರಬಂತು. ವರ್ಷಕ್ಕೆ 180ರ ಆಸುಪಾಸು ಇಡುತ್ತದೆ. ಆರಿದ್ದರೆ ದಿನಕ್ಕೆ ಮೂರು. ಹಿತ್ತಲಲ್ಲಿ ಕೆದಕಿದ್ದರ ಮೇಲೆ ನುಚ್ಚು, ಜೋಳ, ಹಿಂಡಿಯನ್ನೂ ಹಾಕಿದರೆ ಮಾತ್ರ. ಸುಮ್ನೆ ಬಿಟ್ಟರೆ ಅದೂ ನಾಟಿಯಷ್ಟೇ ಇಡುತ್ತದೆ, ಆಮೇಲೆ ತಳಿಯನ್ನು ಬೈಯುತ್ತೀರಿ.

ಮರಿ ಮಾಡಿಸುವುದಾದರೆ ಎಚ್ಚರ ಬೇಕು. ಸ್ವರ್ಣಧಾರ, ಗಿರಿರಾಜ, ವನರಾಜ ಇವೆಲ್ಲ ಬೇರೆ ಬೇರೆ ರಕ್ತ ಕೂಡಿಸಿ ಮಾಡಿದ ಕೋಳಿಗಳು. ಇವುಗಳ ಮೊಟ್ಟೆಯನ್ನು ಮನೆಯಲ್ಲೇ ಕಾವಿಗೆ ಇಟ್ಟರೆ ಮರಿ ಬರುತ್ತದೆ, ತಾಯಿಯ ಗುಣ ಬರುವುದಿಲ್ಲ. ಒಂದು ದಪ್ಪ, ಒಂದು ಸಣಕಲು, ಒಂದು ಮೊಟ್ಟೆ ಇಡುತ್ತದೆ, ಇನ್ನೊಂದು ಇಡುವುದಿಲ್ಲ. ಹೈಬ್ರಿಡ್ ಮುಸುಕಿನ ಜೋಳವನ್ನು ಎತ್ತಿಟ್ಟು ಮರುವರ್ಷ ಬಿತ್ತುತ್ತೀರಾ? ಇಲ್ಲ ಅಲ್ವಾ. ಬಂಡೂರು ಕುರಿ ಸಾಕುವವರು ಮಂದೆಗೆ ಸಿಕ್ಕ ಟಗರು ಬಿಡುವುದಿಲ್ಲ. ಕೋಳಿಯ ವಿಷಯ ಬಂದಾಗ ಮಾತ್ರ ನಮ್ಮ ಕಡೆಯವರಿಗೆ ಇದೆಲ್ಲ ಮರೆತುಹೋಗುತ್ತದೆ.

ನಿಮಗೆ ನನ್ನ ಸಲಹೆ ಇದು. ಸ್ವರ್ಣಧಾರ ತನ್ನಿ, ಹ್ಯಾಟೆಗಳನ್ನು ಮಾತ್ರ. ಹುಂಜ ನಿಮ್ಮ ನಾಟಿಯದೊಂದೇ ಇರಲಿ, ಹದಿನಾಲ್ಕು ಹ್ಯಾಟೆಗೆ ಒಂದು ಸಾಲದಿದ್ದರೆ ಅದೇ ರಕ್ತದ್ದಲ್ಲದ ಇನ್ನೊಂದು ನಾಟಿ ಹುಂಜ ನೋಡಿಕೊಳ್ಳಿ. ಸ್ವರ್ಣಧಾರದ ಮೊಟ್ಟೆ ದೊಡ್ಡದು, ಕಂದು ಬಣ್ಣ. ನಾಟಿಯದು ಚಿಕ್ಕದು. ಬುಟ್ಟಿಗೆ ಕೈ ಹಾಕಿದರೆ ಗೊತ್ತಾಗುತ್ತದೆ. ದೊಡ್ಡದನ್ನು ತಿನ್ನಿ, ಚಿಕ್ಕದನ್ನು ಕಾವಿಗೆ ಇಡಿ. ನಾಟಿ ಹುಂಜ, ನಾಟಿ ಹ್ಯಾಟೆ, ಮರಿಯೂ ನಾಟಿಯೇ. ಬೇಲಿ ಬೇಡ, ಕಾಯಂ ಎರಡು ಗೂಡು ಬೇಡ, ಲೆಕ್ಕದ ಪುಸ್ತಕವೂ ಬೇಡ.

ಈಗ ಗೊತ್ತಾಯಿತಲ್ಲ, ಕಡಕ್‌ನಾಥ್ ಯಾಕೆ ಬೇಡ ಅಂತ? ಅದರ ಮೊಟ್ಟೆಯೂ ಚಿಕ್ಕದು, ತಿಳಿ ಬಣ್ಣ. ನಾಟಿ ಮೊಟ್ಟೆಯ ಜೊತೆ ಬೆರೆತರೆ ನೀವಲ್ಲ, ನಾನೂ ಗುರುತು ಹಿಡಿಯಲಾರೆ. ಆರು ತಿಂಗಳಾದ ಮೇಲೆ ಹಿತ್ತಲಲ್ಲಿ ಅರೆಗಪ್ಪು ಮರಿಗಳು ಓಡಾಡುತ್ತವೆ, ನಾಟಿ ಅಂತ ಮಾರಲು ಹೋದರೆ ಕೊಳ್ಳುವವರು ಮೂಗು ಮುರಿಯುತ್ತಾರೆ.

ಅಸೀಲ್ ಹುಂಜವಂತೂ ಬೇಡವೇ ಬೇಡ. ಅದು ಕಾದಾಟಕ್ಕೆಂದೇ ಬೆಳೆಸಿದ ತಳಿ. ನಿಮ್ಮ ನಾಟಿ ಹುಂಜವನ್ನು ಮೊದಲ ದಿನವೇ ಮುಗಿಸುತ್ತದೆ. ಚೆಂದ ಬೇಕಿದ್ದರೆ ಬಾಗಿಲ ಮುಂದೆ ದಾಸವಾಳ ನೆಡಿ. ಸ್ವರ್ಣಧಾರ ಅಥವಾ ಗಿರಿರಾಜದ ಹುಂಜವನ್ನೂ ನಾಟಿ ಹ್ಯಾಟೆಗಳ ಜೊತೆ ಬಿಡಬೇಡಿ. ಹುಂಜ ನಾಲ್ಕು ಕೆ.ಜಿ. ತೂಗುತ್ತದೆ. ಒಂದೂಕಾಲು ಕೆ.ಜಿ.ಯ ಹ್ಯಾಟೆಯ ಮೇಲೆ ಅದು ಹತ್ತಿದರೆ ಬೆನ್ನಿನ ಪುಕ್ಕ ಕಿತ್ತು, ಚರ್ಮ ಹರಿದು, ಹುಣ್ಣಾಗಿ ನನ್ನ ಹತ್ತಿರ ತರುತ್ತೀರಿ. ‘ಏನೋ ಕಾಯಿಲೆ ಡಾಕ್ಟ್ರೇ, ಬೆನ್ನಿನ ಪುಕ್ಕ ಉದುರುತ್ತಿದೆ’ ಎನ್ನುತ್ತೀರಿ.

ಬೇರೆ ತಳಿಯ ಹುಂಜವನ್ನು ಈಗಾಗಲೇ ಬಿಟ್ಟಿದ್ದವರಿಗೆ ಒಂದು ಮಾತು. ಹುಂಜವನ್ನು ಇವತ್ತು ತೆಗೆದರೆ ನಾಳೆಯ ಮೊಟ್ಟೆ ಶುದ್ಧವಾಗುವುದಿಲ್ಲ. ಹ್ಯಾಟೆಯ ಹೊಟ್ಟೆಯಲ್ಲಿ ಹುಂಜದ ವೀರ್ಯ ಎರಡು ಮೂರು ವಾರ ಉಳಿದಿರುತ್ತದೆ. ನಾಲ್ಕು ವಾರ ಕಾದು, ಆಮೇಲೆ ಬಂದ ಮೊಟ್ಟೆಯನ್ನು ಕಾವಿಗೆ ಇಡಿ.

ತಳಿಗಿಂತ ನನ್ನನ್ನು ಹೆದರಿಸುವುದು ವಯಸ್ಸಿನ ಬೆರಕೆ ಮತ್ತು ಸಂತೆಯ ಕೋಳಿ. ತಿಂಗಳ ಮರಿಯನ್ನು ದೊಡ್ಡ ಕೋಳಿಗಳ ಜೊತೆ ಬಿಟ್ಟರೆ ಕುಕ್ಕಿಸಿಕೊಂಡು ಮೂಲೆ ಸೇರುತ್ತದೆ. ದೊಡ್ಡವುಗಳ ಹಿಕ್ಕೆಯಿಂದ ರಕ್ತಭೇದಿ ಹತ್ತುತ್ತದೆ. ಮೊಟ್ಟೆ ಕೋಳಿಗೆ ಹಾಕುವ ಅಂಗಡಿ ಮೇವಿನಲ್ಲಿ ಸುಣ್ಣದ ಅಂಶ ಜಾಸ್ತಿ, ಬೆಳೆಯುವ ಮರಿ ಅದನ್ನೇ ತಿಂದರೆ ಕಿಡ್ನಿ ಕೆಡುತ್ತದೆ. ಸ್ವರ್ಣಧಾರ ಆರನ್ನೂ ಒಂದೇ ವಯಸ್ಸಿನವು ತನ್ನಿ. ನಾಲ್ಕು ವಾರ ಬೇರೆ ಗೂಡಿನಲ್ಲಿ ಇಡಿ. ನೀರಿನ ಬಟ್ಟಲು ಬೇರೆ, ಮೊದಲು ಹಳೆಯ ಕೋಳಿಗೆ ಮೇವು ಹಾಕಿ, ಆಮೇಲೆ ಹೊಸದರ ಹತ್ತಿರ ಹೋಗಿ. ಸೇರಿಸುವಾಗ ಕತ್ತಲಾದ ಮೇಲೆ ಆರನ್ನೂ ಒಟ್ಟಿಗೆ ಗೂಡಿಗೆ ಬಿಡಿ. ಎರಡು ದಿನ ಕುಕ್ಕಾಟ ಇದ್ದೇ ಇರುತ್ತದೆ, ರಕ್ತ ಬಾರದಿದ್ದರೆ ನಡುವೆ ಹೋಗಬೇಡಿ. ನಾಟಿ ಎತ್ತರಕ್ಕೆ ಹಾರಿ ಕೂರುತ್ತದೆ, ಸ್ವರ್ಣಧಾರಕ್ಕೆ ಮೈಭಾರ. ಅವಕ್ಕೆ ಮೊಳದೆತ್ತರದಲ್ಲಿ ಇನ್ನೊಂದು ಅಡ್ಡಗೋಲು ಕಟ್ಟಿ.

ನಾಲ್ಕು ವಾರ ಯಾಕೆ ಅಂತ ಗೊಣಗುವವರಿಗೆ ನನ್ನದೇ ಕಥೆ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಂತೆಯಿಂದ ಮೂರು ಹ್ಯಾಟೆ ತಂದು ಅವತ್ತೇ ಅಮ್ಮನ ಕೋಳಿಗಳ ಜೊತೆ ಬಿಟ್ಟೆ. ಪಶುವೈದ್ಯ ನಾನು, ನೋಡಿದರೆ ಗೊತ್ತಾಗುತ್ತದೆ ಎಂಬ ಜಂಬ. ಐದನೇ ದಿನಕ್ಕೆ ಹಸಿರು ಹಿಕ್ಕೆ, ಕತ್ತು ತಿರುಚಿಕೊಂಡು ಬೀಳುವುದು ಶುರುವಾಯಿತು. ಇಪ್ಪತ್ತೆರಡು ಕೋಳಿಯಲ್ಲಿ ಎರಡು ಉಳಿದವು. ಅಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕೊಕ್ಕರೆ ರೋಗದ ಲಸಿಕೆ ಬಗ್ಗೆಯೂ ಹೇಳಿಬಿಡುತ್ತೇನೆ. ಮರಿಗೆ 5–7 ದಿನದಲ್ಲಿ ಲಸೋಟ ಹನಿ, ಎಂಟು ವಾರದ ಹೊತ್ತಿಗೆ ಆರ್2ಬಿ ಚುಚ್ಚುಮದ್ದು. ಒಂದು ಸೀಸೆಯಲ್ಲಿ ನೂರು ಕೋಳಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹತ್ತು ಕೋಳಿಗೆ ಯಾರು ಒಡೆಯುತ್ತಾರೆ ಅಂತ ಬಿಟ್ಟುಬಿಡಬೇಡಿ. ಬೀದಿಯ ನಾಲ್ಕು ಮನೆಯವರು ಸೇರಿ ಒಂದೇ ದಿನ ಹಾಕಿಸಿ. ರೋಗದ ಮಾತಾಡಿದ ಆ ಪಕ್ಕದ ತೋಟದವರನ್ನೂ ಕರೆಯಿರಿ.

ಉಳಿದ ಪ್ರಶ್ನೆಗಳು

ಕಡಕ್‌ನಾಥ್ ತಿಂದರೆ ಸಕ್ಕರೆ ಕಾಯಿಲೆ ಹೋಗುತ್ತದಾ? (ಮೈಸೂರು)
ಹೋಗುವುದಿಲ್ಲ, ಹಾಗಂತ ಮಾರುವವನ ಜೇಬು ತುಂಬುತ್ತದೆ. ಮಧ್ಯಪ್ರದೇಶದ ಝಾಬುವಾ ಕಡೆಯ ಒಳ್ಳೆಯ ಕೋಳಿ ಅದು, ಔಷಧಿ ಅಂಗಡಿ ಅಲ್ಲ. ಅದರ ಕಪ್ಪು ಮೊಟ್ಟೆ ಎಂದು ಯಾರಾದರೂ ಮಾರಿದರೆ ಬೆರಳಿಂದ ಉಜ್ಜಿ ನೋಡಿ.

ಕಂದು ಮೊಟ್ಟೆಯಲ್ಲಿ ಶಕ್ತಿ ಜಾಸ್ತಿಯಾ? (ಮದ್ದೂರು)
ಚಿಪ್ಪಿನ ಬಣ್ಣ ತಳಿಯದು. ಚಿಪ್ಪು ತಿನ್ನುತ್ತೀರಾ?

ತೂಕಡಿಸುವ ಕೋಳಿಗೆ ಬ್ರಾಂದಿ ಕುಡಿಸಿದೆವು, ಸತ್ತುಹೋಯಿತು. (ಕೆ.ಆರ್. ಪೇಟೆ)
ಇದು ಪ್ರಶ್ನೆಯೇ ಅಲ್ಲ. ಸತ್ತದ್ದನ್ನು ಸುಣ್ಣ ಹಾಕಿ ಆಳವಾಗಿ ಹೂಳಿ. ಮಿಕ್ಕವನ್ನು ಸಂತೆಗೆ ಸಾಗಿಸಬೇಡಿ, ಇನ್ನೊಬ್ಬರ ಗೂಡಿಗೆ ಬೆಂಕಿ ಇಡಬೇಡಿ.

ಹುಂಜ ಇಲ್ಲದಿದ್ದರೆ ಮೊಟ್ಟೆ ಇಡುತ್ತವಾ? (ಮೈಸೂರು)
ಇಡುತ್ತವೆ. ಮರಿಯಾಗುವುದಿಲ್ಲ, ಅಷ್ಟೇ. ನಗರದ ಮನೆಗಳಲ್ಲಿ ಹುಂಜ ಇಡದಿದ್ದರೆ ಅಕ್ಕಪಕ್ಕದವರ ನಿದ್ದೆಯೂ ಉಳಿಯುತ್ತದೆ.

ಯುಗಾದಿ ಮರುದಿನದ ಹೊಸತೊಡಕಿಗೆ ಮಾರಲು ನಾಟಿ ಮರಿ ಯಾವಾಗ ತರಬೇಕು? (ನಾಗಮಂಗಲ)
ದಸರಾ ಹೊತ್ತಿಗೆ ಮರಿ ಹೊರಬಂದಿರಬೇಕು, ನಾಟಿ ಹುಂಜ ಮಾರಾಟಕ್ಕೆ ಬರಲು ಆರು ತಿಂಗಳು ಬೇಕು. ಶಿವರಾತ್ರಿ ಕಳೆದ ಮೇಲೆ ತಂದು ‘ಬೇಗ ತೂಕ ಬರಲು ಏನಾದರೂ ಇಂಜೆಕ್ಷನ್ ಇದೆಯಾ’ ಎಂದು ಫೋನ್ ಮಾಡಬೇಡಿ. ನಾನು ಎತ್ತುವುದಿಲ್ಲ.