ಕಂಪನಿ ಹೆಸರಿನ ಬೇಬಿ ಸಿಟ್ಟಿಂಗ್: ಮಗುವನ್ನು ಬಿಡಬಹುದಾ?

ಪ್ರಶ್ನೆ: ನಾನು ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ಮಗಳಿಗೆ ಒಂದೂವರೆ ವರ್ಷ. ಇಷ್ಟು ದಿನ ನೋಡಿಕೊಂಡ ಅತ್ತೆ ಈಗ ಜಗಳೂರಿಗೆ ವಾಪಸ್ ಹೋಗುತ್ತಿದ್ದಾರೆ. ಮನೆ ಹತ್ತಿರ ದೊಡ್ಡ ಕಂಪನಿಯೊಂದರ ಹೆಸರಿನ ಡೇ ಕೇರ್ ಶುರುವಾಗಿದೆ. ಎಸಿ, ಕ್ಯಾಮೆರಾ ಎಲ್ಲ ಇದೆ. ವರ್ಷದ ಫೀ ಒಟ್ಟಿಗೆ ಕಟ್ಟಿದರೆ ಡಿಸ್ಕೌಂಟ್ ಅಂತೆ. ನಮ್ಮ ಯಜಮಾನರು, "ದುಡ್ಡು ಮಾಡೋಕೆ ಕೂತವರು ಮಗೂನ ಏನು ನೋಡ್ತಾರೆ?" ಅನ್ನುತ್ತಾರೆ. ಸೇರಿಸಬಹುದಾ?
(ಓದುಗರು, ವಿದ್ಯಾನಗರ, ದಾವಣಗೆರೆ)

ಉತ್ತರ: ಸೇರಿಸಬಹುದು. ಆದರೆ ಮೊದಲು ಅಲ್ಲಿನ ಆಯಾಗಳನ್ನು ನೋಡಿ, ಎಸಿ ಆಮೇಲೆ.

ಯಜಮಾನರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮನೆಯಲ್ಲೇ ಬೇಬಿ ಸಿಟ್ಟಿಂಗ್ ನಡೆಸುವ ಆಂಟಿಯೂ ದುಡ್ಡು ತಗೊಂಡೇ ನೋಡಿಕೊಳ್ಳುತ್ತಾರೆ, ಅಲ್ವಾ? ಲಾಭ ಎಲ್ಲಿಂದ ಉಳಿಸುತ್ತಾರೆ ಅನ್ನೋದನ್ನು ನೋಡಬೇಕು. ಡೇ ಕೇರ್‌ನ ದೊಡ್ಡ ಖರ್ಚು ಸಂಬಳ ಮತ್ತು ಬಾಡಿಗೆ. ಫ್ರಾಂಚೈಸಿ ಆಗಿದ್ದರೆ ಹೆಸರು ಕೊಟ್ಟ ಕಂಪನಿಗೂ ಪಾಲು ಹೋಗಬೇಕು. ಬಾಡಿಗೆ ಇಳಿಯಲ್ಲ, ಕಂಪನಿ ಪಾಲು ಬಿಡಲ್ಲ. ಕತ್ತರಿ ಬೀಳುವುದು ಸಂಬಳಕ್ಕೆ. ಮೂವರು ಆಯಾ ಬೇಕಾದಲ್ಲಿ ಇಬ್ಬರು ಇರುತ್ತಾರೆ. ಸಂಬಳ ಸಾಲದೆ ಅವರೂ ಬಿಟ್ಟು ಹೋಗುತ್ತಾರೆ, ಹೊಸಬರು ಬರುತ್ತಾರೆ. ನಿಮ್ಮ ಮಗಳ ವಯಸ್ಸಿನವರಿಗೆ ಇದು ತುಂಬ ಕಷ್ಟ. ಗುರುತಿನ ಮುಖ ಇಲ್ಲದಿದ್ದರೆ ಊಟವೂ ಸೇರಲ್ಲ, ನಿದ್ದೆಯೂ ಬರಲ್ಲ.

ಚಿಕ್ಕ ಮಕ್ಕಳ ಆರೈಕೆ ಮತ್ತು ಶಿಕ್ಷಣದ ಬಗ್ಗೆ ಕೇಂದ್ರ ಸರ್ಕಾರ 2013ರಲ್ಲಿ ತಂದ ರಾಷ್ಟ್ರೀಯ ನೀತಿಯ ಪ್ರಕಾರ 3 ವರ್ಷದೊಳಗಿನ 10 ಮಕ್ಕಳಿಗೆ ನೋಡಿಕೊಳ್ಳುವವರು ಒಬ್ಬರು ಇರಬೇಕು. ನನ್ನ ಕೇಳಿದರೆ ಅದೂ ಸಾಲದು. ಒಂದು ಮಗುವಿನ ಚಡ್ಡಿ ಬದಲಿಸುವಾಗ ಉಳಿದ ಒಂಬತ್ತನ್ನು ನೋಡುವವರು ಯಾರು? ಒಂದು ದಿನ ಮಧ್ಯಾಹ್ನ ಊಟದ ಹೊತ್ತಿಗೆ, ಮುಂಚೆ ಹೇಳದೆ ಹೋಗಿ. ಸುಮ್ನೆ ತಲೆ ಎಣಿಸಿ. ಆಯಾ ಹತ್ತಿರ ಎಷ್ಟು ದಿನದಿಂದ ಇದ್ದೀರಿ ಅಂತ ಕೇಳಿ. ಒಳಗೆ ಬಿಡದೆ ರಿಸೆಪ್ಷನ್‌ನಲ್ಲೇ ಕೂರಿಸಿದರೆ ಬೇರೆ ಕಡೆ ನೋಡಿ.

ವರ್ಷದ ಫೀ ಮಾತ್ರ ಒಟ್ಟಿಗೆ ಕಟ್ಟಬೇಡಿ. ಆಸ್ಟ್ರೇಲಿಯಾದಲ್ಲಿ ಎಬಿಸಿ ಲರ್ನಿಂಗ್ ಅಂತ ಷೇರುಪೇಟೆಯಲ್ಲಿದ್ದ ಡೇ ಕೇರ್ ಕಂಪನಿ ಇತ್ತು. ಸಾಲ ಮಾಡಿ ಡೇ ಕೇರ್‌ಗಳನ್ನು ಕೊಳ್ಳುತ್ತಾ ಹೋಗಿ, ಆ ದೇಶವೊಂದರಲ್ಲೇ ಸಾವಿರಕ್ಕೂ ಜಾಸ್ತಿ ಕೇಂದ್ರ ನಡೆಸುತ್ತಿತ್ತು. 2008ರ ನವೆಂಬರ್‌ನಲ್ಲಿ ಮುಳುಗಿತು. ಬಾಗಿಲು ಮುಚ್ಚದಿರಲಿ ಅಂತ ಸರ್ಕಾರವೇ ದುಡ್ಡು ಸುರಿಯಬೇಕಾಯಿತು. ಆಮೇಲೆ ಸುಮಾರು 650 ಕೇಂದ್ರಗಳನ್ನು ಲಾಭಕ್ಕಲ್ಲದೆ ಕೆಲಸ ಮಾಡುವ ಸಂಸ್ಥೆಗಳು ಸೇರಿ ಕೊಂಡವು. ನಮ್ಮ ಬಡಾವಣೆಯ ಡೇ ಕೇರ್ ಮುಚ್ಚಿದರೆ ಹಾಗೆ ಯಾರೂ ಓಡಿ ಬರಲ್ಲ. ತಿಂಗಳು ತಿಂಗಳು ಕಟ್ಟಿ, ರಸೀದಿ ತಗೊಳ್ಳಿ.

ಇನ್ನೊಂದು ಮಾತು. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಸೌಲಭ್ಯ ಇರಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಬಹುದು ಅಂತ 2017ರಲ್ಲೇ ಕಾನೂನು ಬಂದಿದೆ. ನಿಮ್ಮ ಆಸ್ಪತ್ರೆಯಲ್ಲಿ ಎಷ್ಟು ಜನ ಇದ್ದೀರಿ? ಒಬ್ಬರೇ ಹೋಗಿ ಕೇಳಬೇಡಿ. ಚಿಕ್ಕ ಮಕ್ಕಳಿರುವ ನಾಲ್ಕೈದು ಜನ ಸೇರಿ ಆಡಳಿತದವರಿಗೆ ಬರಹದಲ್ಲೇ ಅರ್ಜಿ ಕೊಡಿ.